ಮದುಮಗಳಿಗೆ ಎರಡು ಶೇಡ್ ಬಿಳಿ, ರಾಕ್ಷಸನಿಗೆ ಚಪ್ಪಾಳೆ: ಚಂದ ಅಂದ್ರೆ ಯಾವುದು?

ಬಣ್ಣದಪೆಟ್ಟಿಗೆ, ಕುಮಟಾ

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಮದುವೆ ಸೀಸನ್‌ನಲ್ಲಿ ಹೊನ್ನಾವರ, ಅಂಕೋಲಾ ಕಡೆಗೆಲ್ಲ ಮದುಮಗಳ ಮೇಕಪ್‌ಗೆ ಹೋಗುತ್ತೇನೆ. ಒಮ್ಮೊಮ್ಮೆ ದೇವಿಮನೆ ಘಟ್ಟ ಹತ್ತಿ ಶಿರಸಿಗೂ. ಅಪ್ಪ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ದೊಡ್ಡ ಹೆಸರೇನಲ್ಲ. ಬಯಲಾಟದಲ್ಲಿ ಸಖಿ, ದಾಸಿ, ಯಾರಾದರೂ ಕೈಕೊಟ್ಟ ದಿನ ಮೋಹಿನಿ. ಹಾಗಾಗಿ ಮುಖಕ್ಕೆ ಬಣ್ಣ ಹಚ್ಚುವ ಕೆಲಸವನ್ನು ನಾನು ಎರಡು ಕಡೆಯಿಂದ ನೋಡಿದವಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕ ತಾಳೆಯಾಗುತ್ತಿಲ್ಲ. ಅದನ್ನೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಪಾರ್ಲರ್ ಕಡೆಯದು ಹೇಳುತ್ತೇನೆ. ಬುಕಿಂಗ್‌ಗೆ ಬಂದ ತಾಯಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಬೆಳ್ಳಗೆ ಮಾಡ್ತೀರಿ?" ಹುಡುಗಿಗೆ ಒಳ್ಳೇ ಕಣ್ಣಿರಬಹುದು, ನಕ್ಕರೆ ಮನೆಯೇ ಬೆಳಗುವಂಥ ಮುಖ ಇರಬಹುದು. ಅದರ ಸುದ್ದಿಯೇ ಇಲ್ಲ. ನಮ್ಮ ಕಡೆಯ ಹುಡುಗಿಯರ ಬಣ್ಣಕ್ಕೆ ಸರಿಯಾದ ಬೇಸ್, ಅಂದರೆ ಮುಖಕ್ಕೆಲ್ಲ ಹಚ್ಚುವ ತಳದ ಬಣ್ಣ, ಆರಿಸುವುದೇ ಒಂದು ಕೆಲಸ. ಕೆನ್ನೆ ನೋಡಿ ಆರಿಸುವುದಲ್ಲ, ದವಡೆಯಿಂದ ಕತ್ತಿನವರೆಗೆ ಒಂದು ಗೆರೆ ಎಳೆದು ನೋಡಬೇಕು. ಗೆರೆ ಕಾಣದೆ ಹೋದರೆ ಅದೇ ಅವಳ ಶೇಡ್. ಕಣ್ಣಿನ ಕೆಳಗಿನ ಕಪ್ಪಿಗೆ ನೇರವಾಗಿ ಬಿಳಿ ಕನ್ಸೀಲರ್ ಬಳಿದರೆ ಬೂದುಬಣ್ಣ ಏಳುತ್ತದೆ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ಹಚ್ಚಿ, ಆಮೇಲೆ ಕನ್ಸೀಲರ್. ಇಷ್ಟೆಲ್ಲ ನೀಟಾಗಿ ಮಾಡಿದರೆ ಮನೆಯವರು ಏನನ್ನುತ್ತಾರೆ ಗೊತ್ತಾ? "ಏನೂ ಹಚ್ಚಿದ ಹಾಗೇ ಇಲ್ವಲ್ಲ, ದುಡ್ಡು ಯಾತಕ್ಕೆ ಕೊಟ್ಟಿದ್ದು?"

ಸರಿ, ಅವರು ಹೇಳಿದ ಹಾಗೆ ಎರಡು ಶೇಡ್ ಮೇಲೆ ಹೋದೆವು ಅಂತಿಟ್ಟುಕೊಳ್ಳಿ. ಕನ್ನಡಿಯಲ್ಲಿ ಎಲ್ಲರಿಗೂ ಖುಷಿ. ಫೋಟೋದವನು ಫ್ಲ್ಯಾಶ್ ಹೊಡೆದ ಕೂಡಲೇ ಮುಖ ಒಂದು ಬಣ್ಣ, ಕಿವಿ ಒಂದು ಬಣ್ಣ, ಕೈ ಇನ್ನೊಂದು. ಸನ್‌ಸ್ಕ್ರೀನ್ ಸೇರಿದ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಇರುತ್ತದೆ. ಅದು ಫ್ಲ್ಯಾಶ್ ಬೆಳಕನ್ನು ಹಾಗೇ ವಾಪಸ್ ಎಸೆಯುತ್ತದೆ. ಆಮೇಲೆ ಕುತ್ತಿಗೆ, ಕಿವಿಯ ಹಿಂಭಾಗ, ಮೊಣಕೈವರೆಗೆ ಎಲ್ಲ ಬಳಿಯುತ್ತ ಕೂರಬೇಕು. ಮೇ ತಿಂಗಳ ಸೆಕೆ, ಎದುರಿಗೆ ಹೋಮದ ಹೊಗೆ. ಧಾರೆ ಹೊತ್ತಿಗೆ ಬೆವರು ಗೆರೆಗೆರೆಯಾಗಿ ಇಳಿದು ಸೀರೆ ಅಂಚಿಗೆ ಬಂದಿರುತ್ತದೆ.

ಇದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ. ಮದುವೆ ನಿಶ್ಚಯವಾದ ಮೇಲೆ ಕೆಲವರು ಮೆಡಿಕಲ್ ಶಾಪಿನಿಂದ ಯಾವುದೋ ಟ್ಯೂಬ್ ತಂದು ಹಚ್ಚಿಕೊಳ್ಳಲು ಶುರು ಮಾಡುತ್ತಾರೆ. ಸ್ಟೀರಾಯ್ಡ್ ಇರುವ ಕ್ರೀಮ್ ಅದು, ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬಾರದ್ದು. ಮೊದಲು ಬೆಳ್ಳಗಾದ ಹಾಗೆ ಕಾಣುತ್ತದೆ. ನನ್ನ ಕುರ್ಚಿಗೆ ಬರುವ ಹೊತ್ತಿಗೆ ಚರ್ಮ ತೆಳ್ಳಗಾಗಿ ಕೆಂಪೇರಿ, ನರ ಕಾಣುತ್ತಿರುತ್ತದೆ. ಬ್ರಶ್ ತಾಗಿದರೂ ಉರಿ ಅನ್ನುತ್ತಾರೆ.

ಈಗ ಚೌಕಿ ಕಡೆ ಬನ್ನಿ, ಯಕ್ಷಗಾನದವರು ವೇಷ ಕಟ್ಟುವ ಜಾಗ ಅದು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ನೆಲದ ಮೇಲೆ ಕೂತು, ಎಡಗೈಯಲ್ಲಿ ಕನ್ನಡಿ ಹಿಡಿದು ತಾವೇ ಮುಖ ಬರೆದುಕೊಳ್ಳುತ್ತಾರೆ. ಕಪ್ಪು, ಕೆಂಪು, ಹುಬ್ಬಿನ ಮೇಲೆ ಬಿಳಿ ಸುಳಿ, ಬಾಯಿಯ ಎರಡೂ ಬದಿಗೆ ಕೋರೆ. ರಂಗಕ್ಕೆ ಬಂದು ಅಬ್ಬರ ಕೊಟ್ಟರೆ ಮಕ್ಕಳು ಅಮ್ಮನ ಸೆರಗಿನೊಳಗೆ. ಆ ಅಮ್ಮಂದಿರು ಮಾತ್ರ "ಎಂಥ ಚಂದದ ವೇಷ ಮಾರಾಯ್ತಿ!" ಅನ್ನುತ್ತಾ ಕಣ್ಣು ಕೀಳದೆ ನೋಡುತ್ತಿರುತ್ತಾರೆ. ಮರುವಾರ ಅದೇ ಅಮ್ಮಂದಿರು ಪಾರ್ಲರ್‌ಗೆ ಬಂದು, "ಇವಳು ಸ್ವಲ್ಪ ಕಪ್ಪು, ಏನಾದ್ರೂ ಮಾಡಿ" ಅನ್ನುತ್ತಾರೆ.

ಆಟದಲ್ಲಿ ಕಪ್ಪೂ ಚಂದ, ಕೋರೆಹಲ್ಲೂ ಚಂದ. ಆ ಕಣ್ಣು ಮಂಟಪಕ್ಕೆ ಬಂದಾಗ ಎಲ್ಲಿ ಹೋಗುತ್ತದೆ? ದಯವಿಟ್ಟು ಚೆಲುವು ನೋಡುವವರ ಕಣ್ಣಲ್ಲಿದೆ, ಮನಸ್ಸು ಚೆನ್ನಾಗಿದ್ದರೆ ಸಾಕು ಅಂತೆಲ್ಲ ಬರೆಯಬೇಡಿ. ಅದು ನನ್ನ ಪಾರ್ಲರ್ ಗೋಡೆ ಮೇಲಿನ ಕ್ಯಾಲೆಂಡರಿನಲ್ಲೇ ಇದೆ. ತಾಯಿ ಎದುರಿಗೆ ಕೂತಾಗ ಹೇಳಲು ಬರುವಂಥದ್ದು ಬೇಕು.

ಚೌಕಿಮೂಲೆ, ಹೊನ್ನಾವರ

ಅಕ್ಕಾ, ಹವ್ಯಾಸಿ ವೇಷಧಾರಿ ಬರೆಯುತ್ತಿದ್ದೇನೆ. ಪುರುಷ ವೇಷ ಜಾಸ್ತಿ, ಬಣ್ಣದ ವೇಷಕ್ಕೆ ಮೈಕಟ್ಟು ಸಾಲದು.

ನಮ್ಮಲ್ಲಿ ಬಣ್ಣ ಯಾಕೆ ಅಷ್ಟು ದಪ್ಪ ಅಂದರೆ ಬೆಳಕಿನ ಕಾರಣಕ್ಕೆ. ಹಿಂದೆ ದೀವಟಿಗೆ, ದೊಂದಿ. ಆಮೇಲೆ ಗ್ಯಾಸ್‌ಲೈಟ್ ಬಂತು. ಕರೆಂಟ್ ಬಂದಿದ್ದು ತೀರಾ ಈಚೆಗೆ. ಗದ್ದೆ ಬಯಲಿನಲ್ಲಿ ಹಿಂದೆ ಕೂತವನಿಗೂ ಹುಬ್ಬು ಕುಣಿದದ್ದು ಕಾಣಬೇಕು. ಬೆಂಕಿಯ ಬೆಳಕಿಗೆ ಹಳದಿ ಕೆಂಪು ಸೇರಿದ ಬಣ್ಣವೇ ಜೀವ. ಅದಕ್ಕೇ ಸಫೇತ ಅನ್ನುವ ಬಿಳಿ ಪುಡಿಗೆ ಕೆಂಪಿನ ಇಂಗಳೀಕ, ಹಳದಿಯ ಅರದಾಳ ಸೇರಿಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಿದ್ದರು. ನೀವು ಹೇಳಿದ ಜಿಂಕ್ ಆಕ್ಸೈಡೇ ಈಗ ನಮ್ಮ ಬಿಳಿ ಪುಡಿ ಕೂಡ. ಒಂದೇ ಪುಡಿ, ನಿಮ್ಮಲ್ಲಿ ಫೋಟೋ ಕೆಡಿಸುತ್ತದೆ, ನಮ್ಮಲ್ಲಿ ಮುಖ ಎತ್ತಿ ಕೊಡುತ್ತದೆ. ತೆಂಕುತಿಟ್ಟಿನವರ ಬಣ್ಣದ ವೇಷ ನೋಡಿದ್ದೀರಲ್ಲ, ಅಕ್ಕಿಹಿಟ್ಟು ಸುಣ್ಣ ಕಲಸಿ ಕಡ್ಡಿಯಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆ, ಇಡುತ್ತಾರೆ. ತಾಸುಗಟ್ಟಲೆ ಕೆಲಸ. ಒಂದು ಚಿಟ್ಟಿ ಎಡದಲ್ಲಿ ಜಾಸ್ತಿಯಾದರೆ ಬಲದಲ್ಲೂ ಸರಿ ಮಾಡಬೇಕು. ರಾಳದ ಪುಡಿ ಹಾರಿಸಿದಾಗ ದೊಂದಿ ಭಗ್ ಅಂತ ಎದ್ದರೆ ಆ ಮುಖ ಇಡೀ ಮಿಂಚುತ್ತದೆ. ಅದು ಪಾತ್ರಕ್ಕೆ ಸರಿ, ಬೆಳಕಿಗೆ ಸರಿ, ದೂರಕ್ಕೆ ಸರಿ. ಸರಿ ಇದ್ದದ್ದಕ್ಕೆ ಜನ ಚಂದ ಅಂದರು.

ಪಂಚವಟಿ ಪ್ರಸಂಗ ನೆನಪಿಸಿಕೊಳ್ಳಿ. ಶೂರ್ಪನಖಿ ಒಬ್ಬಳೇ, ವೇಷ ಎರಡು. ಘೋರ ಶೂರ್ಪನಖಿ ಬಣ್ಣದ ವೇಷ, ಮಾಯಾ ಶೂರ್ಪನಖಿ ಸ್ತ್ರೀವೇಷ. ಜನ ಇಬ್ಬರಿಗೂ ಕಾಯುತ್ತಾರೆ. ಸತ್ಯ ಹೇಳಬೇಕಾ, ಘೋರಕ್ಕೇ ಜಾಸ್ತಿ ಕಾಯುತ್ತಾರೆ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಮಾತು ಬಿಟ್ಟು ಇದನ್ನು ಮುಗಿಸಲಾಗದು. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಎಂಬತ್ತರ ಹತ್ತಿರದಲ್ಲೂ ಕೀಚಕ, ಭಸ್ಮಾಸುರ ಮಾಡಿದವರು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೆ ಪಂಚೆ ಉಟ್ಟ ಸಾಧಾರಣ ಅಜ್ಜ. ರಂಗದ ಮೇಲೆ ಕಣ್ಣು ತೇಲಿಸಿ, ಬೆರಳ ತುದಿ ತಿರುಗಿಸಿದರೆ ಕೀಚಕನಿಗೆ ಏನಾಗುತ್ತಿದೆ ಅಂತ ನಮಗೂ ಆಗುತ್ತಿತ್ತು. ಆ ಮುಖದ ಸುಕ್ಕು ಯಾರಿಗೆ ಕಂಡಿತು?

ಒಂದು ದೂರೂ ಇದೆ. ನಿಮ್ಮ ರೋಗ ಈಗ ಚೌಕಿಗೂ ಬಂದಿದೆ. ಎಲ್‌ಇಡಿ ಲೈಟು, ವಿಡಿಯೋ, ಅದಕ್ಕೆ ಅಂತ ಮುಖದ ಬಣ್ಣ ತಿಳಿ ಗುಲಾಬಿ ಮಾಡಿಕೊಳ್ಳುತ್ತಾರೆ. ಅರ್ಜುನನೂ ಕರ್ಣನೂ ಒಂದೇ ಅಂಗಡಿಯ ಗೊಂಬೆಗಳು. ಬಣ್ಣ ನೋಡಿ ಪಾತ್ರ ಹೇಳುವ ಕಾಲ ಹೋಯ್ತು.

ಹಳೇಮಾಸ್ತರ, ಶಿರಸಿ

ತಂಗೀ, ಪ್ರಶ್ನೆ ಚೆನ್ನಾಗಿದೆ. ಕಾಲೇಜಿನಲ್ಲಿ ರಸ ಪಾಠ ಮಾಡುವಾಗ ಇಂಥ ಉದಾಹರಣೆ ಸಿಕ್ಕಿದ್ದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಭರತನ ನಾಟ್ಯಶಾಸ್ತ್ರದಲ್ಲಿ ರಸ ಎಂಟು. ಅದರಲ್ಲಿ ಶೃಂಗಾರ ಒಂದಾದರೆ ಭಯಾನಕ ಒಂದು, ಬೀಭತ್ಸ ಇನ್ನೊಂದು. ಶಾಂತ ಆಮೇಲೆ ಸೇರಿ ಒಂಬತ್ತಾಯಿತು. ಅಂದರೆ ನಮ್ಮ ಹಿರಿಯರು ಹೆದರಿಕೆಯನ್ನೂ ಅಸಹ್ಯವನ್ನೂ ಸವಿಯಬಹುದು ಅಂತ ಆಗಲೇ ಒಪ್ಪಿದ್ದರು. ಆದರೆ ಅದಕ್ಕೊಂದು ಕರಾರಿದೆ. ನೋಡುವವನಿಗೆ ಅಲ್ಲಿ ಸ್ವಂತದ ಲಾಭ ನಷ್ಟ ಇರಬಾರದು. ರಂಗದ ರಾಕ್ಷಸ ನಿನ್ನನ್ನು ತಿನ್ನುವುದಿಲ್ಲ, ನೀನು ಅವನನ್ನು ಮನೆಗೆ ಕರೆದುಕೊಂಡು ಹೋಗುವುದೂ ಇಲ್ಲ. ಬೆಳಗಾದರೆ ಅವನ ದಾರಿ ಅವನಿಗೆ. ಮದುವೆ ಮಂಟಪದಲ್ಲಿ ಹಾಗಲ್ಲ. ಅಲ್ಲಿ ಕೂತವರೆಲ್ಲ ಲೆಕ್ಕದವರು. ಸೊಸೆ, ನಾದಿನಿ, ನಾಳೆ ಹುಟ್ಟುವ ಮಗುವಿನ ಬಣ್ಣ. ಲೆಕ್ಕ ಶುರುವಾದ ಕಡೆ ರಸ ನಿಲ್ಲುತ್ತದೆ. ಆ ಕಣ್ಣು ಎಲ್ಲಿ ಹೋಗುತ್ತದೆ ಅಂದೆಯಲ್ಲ, ಇಲ್ಲಿಗೆ ಹೋಗುತ್ತದೆ.

ಈ ಕಥೆ ಹಳೆಯದೇ. ಮಹಾಭಾರತ ಶುರುವಾಗುವುದೇ ಒಬ್ಬನ ರೂಪ ಕಂಡು ಹೆದರಿದ್ದರಿಂದ. ವಂಶ ಉಳಿಸಲು ಸತ್ಯವತಿ ವ್ಯಾಸನನ್ನು ಕರೆಸುತ್ತಾಳೆ. ಕಪ್ಪು ಮೈ, ಜಡೆಗಟ್ಟಿದ ಕೂದಲು. ಅಂಬಿಕೆ ಕಣ್ಣು ಮುಚ್ಚಿದಳು, ಧೃತರಾಷ್ಟ್ರ ಕುರುಡನಾಗಿ ಹುಟ್ಟಿದ. ಅಂಬಾಲಿಕೆ ಬಿಳಿಚಿಕೊಂಡಳು, ಪಾಂಡು ಬಿಳಿಚಿಕೊಂಡೇ ಹುಟ್ಟಿದ. ಹೆದರದೆ ಎದುರುಗೊಂಡವಳು ದಾಸಿ. ಅವಳ ಮಗ ವಿದುರ. ಮೂವರಲ್ಲಿ ಬುದ್ಧಿ ನೆಟ್ಟಗಿದ್ದವನು ಅವನೊಬ್ಬನೇ! ಇನ್ನು ದ್ರೌಪದಿ. ಐವರು ಗಂಡಂದಿರು, ಸಭೆ ತುಂಬ ರಾಜರು ಹಂಬಲಿಸಿದ ಹೆಣ್ಣು ಕಪ್ಪು ಬಣ್ಣದವಳು. ಕ್ಯಾಲೆಂಡರಿನವರು ಅವಳನ್ನು ಯಾವಾಗ ಬೆಳ್ಳಗೆ ಮಾಡಿದರೋ.

ಕನ್ನಡದಲ್ಲೇ ಬೇಕೆಂದರೆ ಜನ್ನನ ಯಶೋಧರ ಚರಿತೆ ಇದೆ, 1209ರದ್ದು. ಚೆಲುವ ರಾಜನ ಪಕ್ಕದಲ್ಲಿ ಮಲಗಿದ್ದ ಅಮೃತಮತಿಗೆ ರಾತ್ರಿ ಎಲ್ಲಿಂದಲೋ ಹಾಡು ಕೇಳುತ್ತದೆ. ಹಾಡುತ್ತಿರುವವನು ಆನೆಯ ಮಾವುತ. ನೋಡಿಬರಲು ಕಳಿಸಿದ ಕೆಲಸದವಳು ಬಂದು, ಅವನ ಸೊಟ್ಟ ಮೈ, ವಿಕಾರ ಮುಖ ಎಲ್ಲ ವರ್ಣಿಸಿ ಬೇಡ ಅನ್ನುತ್ತಾಳೆ. ರಾಣಿ ಕದಲುವುದಿಲ್ಲ. ಮನಸ್ಸು ಒಲಿದ ಮೇಲೆ ರೂಪದ ಗೊಡವೆ ಯಾಕೆ ಅಂದುಬಿಡುತ್ತಾಳೆ. ಜನ್ನ ಜೈನ ಕವಿ. ಅವಳನ್ನು ಮೆಚ್ಚಿಸುವುದು ಅವನ ಉದ್ದೇಶವಲ್ಲ, ಕಥೆಯಲ್ಲಿ ಅವಳಿಗೆ ನರಕವೇ ಗತಿ. ಆದರೂ ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಅಷ್ಟು ಭಾಗವೇ. ಧರ್ಮದ ಪಾಠ ಯಾರ ಬಾಯಲ್ಲೂ ಇಲ್ಲ. ತಾಯಂದಿರಿಗೆ ಈ ಉದಾಹರಣೆ ಮಾತ್ರ ಕೊಡಬೇಡ, ಮದುವೆಯೇ ಮುರಿದೀತು.

ಚಾಲಿಭಟ್ಟ, ಶಿರಸಿ

ಮಾಸ್ತರು ಲೆಕ್ಕ ಅಂದರಲ್ಲ, ಅದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಒಣಗಿದ ಅಡಿಕೆ ಸುಲಿದು ದರ್ಜೆ ಆರಿಸಲು ಕೂತಾಗ ಚಾಲಿ ಬೇರೆ, ಬಿಳಿಗೋಟು ಬೇರೆ, ಕೆಂಪುಗೋಟು, ಕೋಕಾ ಬೇರೆ ಬೇರೆ ಗುಡ್ಡೆ. ಬೆಳ್ಳಗೆ, ದುಂಡಗೆ, ಒಡೆಯದ್ದಕ್ಕೆ ಒಳ್ಳೇ ರೇಟು. ಬಾಯಿಗೆ ಹಾಕಿದ ಮೇಲೆ ಯಾವುದು ಯಾವ ಗುಡ್ಡೆಯದು ಅಂತ ಯಾರೂ ಕೇಳುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರ ಅಂದರೆ ಟೆಂಡರಿಗೆ ಮಾಲು ಇಟ್ಟ ಹಾಗೇ ನಡೆಯುತ್ತಿತ್ತು.

ಈಗ ಗಾಳಿ ತಿರುಗಿದೆ. ತೋಟ ಇದ್ದರೂ ನಮ್ಮ ಕಡೆ ಮಾಣಿಗಳಿಗೆ, ಅಂದರೆ ಹುಡುಗರಿಗೆ, ಹೆಣ್ಣು ಸಿಗುತ್ತಿಲ್ಲ. ಹೆಣ್ಣುಕೂಸುಗಳು ಬೆಂಗಳೂರಿನ ಗಂಡೇ ಬೇಕು ಅನ್ನುತ್ತವೆ. ನಮ್ಮ ಮಾಣಿ ಮೊನ್ನೆ ಫೇಶಿಯಲ್ ಮಾಡಿಸಿಕೊಂಡು ಬಂದ. ಮಳೆಗೆ ಮೊದಲು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಕೆಲಸ ಬಾಕಿ ಇತ್ತು, ಬಿಸಿಲಿಗೆ ಹೋಗಲ್ಲ ಅಂದ! ಬಣ್ಣದಪೆಟ್ಟಿಗೆಯವರೇ, ಗಂಡಿನ ಪ್ಯಾಕೇಜ್ ಎಷ್ಟು ತಗೊಳ್ತೀರಿ? ಸುಮ್ನೆ ಕೇಳಿದೆ.

ಎಳೆಎಳೆ, ಸಿದ್ದಾಪುರ

ನಾನು ದೀವರು ಸಮುದಾಯದ ಮನೆಯವಳು. ನಮ್ಮ ಕಡೆ ಮದುವೆಗೆ ಗೋಡೆ ಮೇಲೆ ಚಿತ್ರ ಬರೆಯುತ್ತಾರೆ, ಹಸೆಗೋಡೆ ಅಂತ, ಕೇಳಿರುತ್ತೀರಿ. ಈಗ ಹಸೆ ಚಿತ್ತಾರ ಅಂತ ಪೇಟೆಯಲ್ಲಿ ಫ್ರೇಮ್ ಹಾಕಿ ಮಾರುತ್ತಾರಲ್ಲ, ಅದೇ.

ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸುವುದು. ಬಿಳಿಗೆ ನೆನೆಸಿದ ಅಕ್ಕಿ ಅರೆದ ಹಿಟ್ಟು. ಕಪ್ಪಿಗೆ ಅಕ್ಕಿಯನ್ನೇ ಕರಕಲಾಗುವಂತೆ ಹುರಿದು ಅರೆಯುವುದು. ಹಳದಿಗೆ ಗುರಿಗೆ ಕಾಯಿ. ಬ್ರಶ್ ಅಂದರೆ ಪುಂಡಿ ನಾರು. ನಾರಿನ ತುದಿಯನ್ನು ಹಿಟ್ಟಿನಲ್ಲಿ ಅದ್ದಿ, ಗೋಡೆಗೆ ತಾಗಿಸಿ ಮೆಲ್ಲಗೆ ಎಳೆಯಬೇಕು. ಕೈ ಗಡಗಡ ಅಂದರೆ ಎಳೆ ದಪ್ಪವಾಗುತ್ತದೆ. ಅಜ್ಜಿ ಎಳೆಯುವಾಗ ಉಸಿರನ್ನೂ ಬಿಡುತ್ತಿರಲಿಲ್ಲ. ಎಳೆ ಮುಗಿದ ಮೇಲೆ ಒಂದು ಹಾಡಿನ ಸಾಲು, ಆಮೇಲೆ ಇನ್ನೊಂದು ಎಳೆ.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಹೊಳೆದದ್ದು ಇದು. ಆ ಚಿತ್ತಾರದ ಒಳಗೆ ಮದುಮಗ, ಮದುಮಗಳು ಇಬ್ಬರೂ ಇರುತ್ತಾರೆ. ತ್ರಿಕೋನದ ಮೈ, ಕಡ್ಡಿ ಕೈಕಾಲು. ನಮ್ಮ ಮನೆಯಲ್ಲಿ ಅವರ ಮುಖಕ್ಕೆ ಕಣ್ಣು ಮೂಗು ಬರೆದದ್ದು ನಾನು ನೋಡಿಲ್ಲ. ಇನ್ನು ನಿಜವಾದ ಮದುಮಗಳ ಹಣೆ ಮೇಲೆ ಬಾಸಿಂಗ. ಕುಶಲಕೆಲಸದ ಗುಡಿಗಾರರು ಹಗುರವಾದ ಬೆಂಡಿನಲ್ಲಿ ಮಾಡಿಕೊಡುತ್ತಿದ್ದ ದೊಡ್ಡ ಬಾಸಿಂಗ ಕಟ್ಟಿದರೆ ಅರ್ಧ ಮುಖ ಅದರಲ್ಲೇ ಹೋಯ್ತು. ಮೇಲೆ ತಲೆ ತಗ್ಗಿಸಿ ಕೂರಬೇಕು. ಮದುವೆಗೆ ಬಂದ ಹೆಂಗಸರು ನೋಡುತ್ತಿದ್ದದ್ದು ಗೋಡೆ. ಯಾರು ಬರೆದದ್ದು, ಎಳೆ ಎಷ್ಟು ತೆಳು, ಮೂಲೆ ಕೂಡಿದೆಯಾ ಇಲ್ಲವಾ. ಊಟದ ಹೊತ್ತಿಗೂ ಅದೇ ಮಾತು.

ಅಂದರೆ ಮದುವೆಯ ಚಂದವೆಲ್ಲ ಆಗ ಹತ್ತು ಜನರ ಕೈಯಲ್ಲಿತ್ತು. ಗೋಡೆ ಬರೆದವಳದ್ದು, ಬಾಸಿಂಗ ಕೆತ್ತಿದವನದ್ದು, ಹೂ ಕಟ್ಟಿದವಳದ್ದು. ಈಗ ಗೋಡೆ ಜಾಗಕ್ಕೆ ಫ್ಲೆಕ್ಸ್, ಬೆಂಡಿನ ಜಾಗಕ್ಕೆ ಥರ್ಮೋಕೋಲ್. ಇಡೀ ಮದುವೆ ಚಂದ ಕಾಣಿಸುವ ಹೊರೆ ಒಂದು ಹುಡುಗಿಯ ಚರ್ಮದ ಮೇಲೆ ಬಿದ್ದಿದೆ. ಅವಳು ಎರಡು ಶೇಡ್ ಕೇಳದೆ ಇನ್ನೇನು ಕೇಳುತ್ತಾಳೆ?

ಕಾಳಿದಂಡೆ, ಕಾರವಾರ

ಸಿದ್ದಾಪುರದವರ ಮಾತು ಓದಲು ಚೆಂದ. ಆದರೆ ಹಿಂದೆ ಎಲ್ಲ ಸರಿ ಇತ್ತು ಅನ್ನುವ ಕಡೆ ಇದು ಜಾರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕಪ್ಪು. ನಮ್ಮ ದೊಡ್ಡಮ್ಮನೂ ಕಪ್ಪು. ದೊಡ್ಡಮ್ಮನ ಕಾಲದಲ್ಲಿ ಪಾರ್ಲರೂ ಇರಲಿಲ್ಲ, ಫೋಟೋದವನೂ ಇರಲಿಲ್ಲ. ಆದರೂ ಅವಳನ್ನು ಎರಡನೇ ಸಂಬಂಧಕ್ಕೇ ಕೊಟ್ಟದ್ದು. ಬಾಸಿಂಗ ಮುಖ ಮುಚ್ಚುತ್ತಿತ್ತು ನಿಜ, ಆದರೆ ಬಾಸಿಂಗ ಕಟ್ಟುವವರೆಗೆ ಬರಬೇಕಲ್ಲ? ಗೋಧಿ ಮೈಬಣ್ಣ ಅಂತ ಮದುವೆ ಜಾಹೀರಾತಿನಲ್ಲಿ ಹಾಕುವುದು ಮೊನ್ನೆ ಮೊನ್ನೆಯ ಚಾಳಿಯಲ್ಲ. ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಹಾಕಿದರು. ಹುಡುಗಿಯನ್ನು ನೋಡಲು ಬಂದವರ ಬಾಯಿಂದ ಅದನ್ನು ತೆಗೆದವರು ಯಾರು?

ಮಾಸ್ತರು ಹೇಳಿದ, ಸ್ವಂತದ ಲಾಭ ನಷ್ಟ ಇಲ್ಲದೆ ದೂರದಿಂದ ನೋಡುವ ಮಾತು ನನಗೆ ಬೇರೆ ಕಡೆ ಕಂಡಿದೆ. 2021ರ ನವೆಂಬರ್‌ನಲ್ಲಿ ಕಾಡಿನ ಗಿಡ ಬೆಳೆಸುತ್ತಿದ್ದ ಅಂಕೋಲಾದ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಬರಿಗಾಲು, ಅವರ ಹಾಲಕ್ಕಿ ಸಮುದಾಯದವರು ಸೀರೆ ಉಡುವ ರೀತಿ, ಕೊರಳ ತುಂಬ ಮಣಿಸರ. ಆ ಫೋಟೋ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ. ನಿಜವಾದ ಸೌಂದರ್ಯ ಅಂತ ಬರೆದವರೇ ಬರೆದವರು. ನನ್ನ ಜೊತೆ ಕೆಲಸ ಮಾಡುವ ಹಾಲಕ್ಕಿ ಹುಡುಗಿಯೊಬ್ಬಳು ಅವತ್ತು ಹೇಳಿದ್ದು: "ನಾನು ಕಾಲೇಜಿಗೆ ಮಣಿಸರ ಹಾಕಿಕೊಂಡು ಹೋದ ದಿನ ಬಸ್ಸಿಡೀ ನಕ್ಕಿತ್ತು." ಈಗ ಮದುವೆಗೆ ಮುಂಚಿನ ಫೋಟೋಶೂಟ್‌ಗೆ ಅಂತ ಪೇಟೆಯವರು ಅದೇ ಮಣಿಸರ ಬಾಡಿಗೆಗೆ ತರುತ್ತಾರೆ. ಹಾಕಿ, ಕ್ಲಿಕ್ಕಿಸಿ, ಬಿಚ್ಚಿ ಕೊಟ್ಟರಾಯ್ತು.

ಕಾರವಾರದವಳಾಗಿ ಟ್ಯಾಗೋರರ ಹೆಸರು ಹೇಳದಿದ್ದರೆ ಇಲ್ಲಿಯವರು ಬಿಡುವುದಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದರು. ಕಡಲು ಮೆಚ್ಚಿದರು ಅಂತ ಬೀಚಿಗೆ ಅವರ ಹೆಸರಿಟ್ಟಿದ್ದೇವೆ. ಆದರೆ ಇಲ್ಲಿ ಕೂತು ಬರೆದ ನಾಟಕದಲ್ಲಿ ಇರುವುದು ಒಬ್ಬ ಸನ್ಯಾಸಿ. ಎಲ್ಲ ನಂಟು ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲುತ್ತೇನೆ ಅಂತ ಹೊರಟವನು. ಅವನನ್ನು ಈ ಲೋಕಕ್ಕೆ ವಾಪಸ್ ಎಳೆದು ತರುವುದು ಒಂದು ಸಣ್ಣ ಹುಡುಗಿ. ಇಷ್ಟು ಚಂದದ ಊರಿನಲ್ಲಿ ಕೂತು ಅವರಿಗೆ ಬರೆಯಬೇಕು ಅನ್ನಿಸಿದ್ದು ಇದು. ದೂರ ನಿಂತು ನೋಡಿ ಮೆಚ್ಚುವುದು ಸುಲಭ, ಹತ್ತಿರ ಇಟ್ಟುಕೊಳ್ಳುವುದು ಕಷ್ಟ ಅಂತ ನಾನು ಅದನ್ನು ಓದಿಕೊಂಡಿದ್ದೇನೆ. ಪಂಡಿತರು ಬೇರೆ ಹೇಳಬಹುದು.

ಬಣ್ಣದಪೆಟ್ಟಿಗೆ, ಕುಮಟಾ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಮಾಸ್ತರೇ, ನಿಮ್ಮ ಮಾತು ಒಪ್ಪಿದೆ, ಪೂರ್ತಿ ಅಲ್ಲ. ಮನೆಗೆ ಕರೆದುಕೊಂಡು ಹೋಗುವವರು ಲೆಕ್ಕ ಹಾಕುತ್ತಾರೆ, ಸರಿ. ಆದರೆ ನನ್ನ ಹತ್ತಿರ ಬರುವುದು ಹೆತ್ತ ತಾಯಿ. ಅವಳು ಕಳಿಸುವವಳು. ಹುಟ್ಟಿದಾಗಿನಿಂದ ಆ ಮುಖ ನೋಡಿಕೊಂಡೇ ಬಂದವಳು. ಗಂಡಿನ ಮನೆಯವರು ಎಷ್ಟೋ ಸಲ ಬಾಯೇ ಬಿಟ್ಟಿರುವುದಿಲ್ಲ. ಅವರು ಏನಂದಾರು ಅಂತ ಇವಳೇ ಅವರ ಕಣ್ಣು ಹಾಕಿಕೊಂಡು ಮಗಳನ್ನು ನೋಡುತ್ತಾಳೆ. ಮಗಳು ಕನ್ನಡಿಯಲ್ಲಿ ತಾಯಿಯ ಮುಖ ನೋಡುತ್ತಾಳೆ, ತನ್ನದನ್ನಲ್ಲ. ಕುರ್ಚಿಯ ಹಿಂದೆ ನಿಂತವಳಿಗೆ ಇದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಕಾಳಿದಂಡೆಯವರು ಹೇಳಿದ ದೂರ ಹತ್ತಿರದ ಮಾತೂ ನನಗೆ ಪೂರ್ತಿ ಸಾಲದು. ತಾಯಿಗಿಂತ ಹತ್ತಿರ ಯಾರಿದ್ದಾರೆ?

ಅದಿರಲಿ, ದಾಸಿಯ ಕಥೆ ನನಗೆ ಭಾರೀ ಇಷ್ಟವಾಯಿತು. ಅಪ್ಪ ಎಷ್ಟೋ ಆಟದಲ್ಲಿ ದಾಸಿ ಮಾಡಿದ್ದಾರೆ, ಎರಡು ಮಾತು ಹೇಳಿ ಒಳಗೆ ಹೋಗುವ ಪಾತ್ರ. ವಿದುರನ ತಾಯಿ ಅಂತ ಗೊತ್ತಾದರೆ ಸಂಭಾವನೆ ಜಾಸ್ತಿ ಕೇಳಬಹುದಿತ್ತು ಅಂತ ನಗುತ್ತಿದ್ದಾರೆ.

ಚೌಕಿಮೂಲೆಯವರ ಬೆಳಕಿನ ಮಾತು ನನಗೆ ನೇರ ಉಪಯೋಗಕ್ಕೆ ಬರುವಂಥದ್ದು. ಟ್ರಯಲ್ ದಿನ ಅರ್ಧ ಮುಖಕ್ಕೆ ಸರಿಯಾದ ಶೇಡ್, ಇನ್ನರ್ಧಕ್ಕೆ ತಾಯಿ ಹೇಳಿದ ಶೇಡ್ ಹಚ್ಚಿ ಜಗಲಿಗೆ ಕರೆತರುವುದು. ಬಿಸಿಲಲ್ಲಿ ಒಂದು ಫೋಟೋ, ಒಳಗೆ ಫ್ಲ್ಯಾಶ್ ಹಾಕಿ ಒಂದು ಫೋಟೋ. ಮಾತಾಡುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಕಳೆದ ವಾರ ಅಂಕೋಲಾದ ಮನೆಯಲ್ಲಿ ಹೀಗೇ ಮಾಡಿದೆ. ತಾಯಿ ತುಂಬ ಹೊತ್ತು ಫೋನ್ ಹಿಡಿದು ನೋಡಿ, "ಒಂದು ಶೇಡ್ ಮಾತ್ರ ಮೇಲೆ ಹೋಗುವ" ಅಂದರು. ಎರಡರಿಂದ ಒಂದಕ್ಕೆ ಇಳಿಯಿತು. ಹುಡುಗಿ ಅಲ್ಲೇ ಎದ್ದು, "ಬೇಡ, ಈ ಕಡೆ ಇರುವುದೇ ಇರಲಿ" ಅಂದಳು. ಜಗಳವಾಯಿತು. ಕೊನೆಗೆ ಹುಡುಗಿಯ ಮಾತೇ ನಡೆಯಿತು, ಅಜ್ಜಿ ಅವಳ ಪಕ್ಷ ವಹಿಸಿದ್ದರಿಂದ. ಅಜ್ಜಿಯೂ ಚಂದದ ಮಾತು ಆಡಲಿಲ್ಲ. "ಬೆವರಿದರೆ ಎಲ್ಲ ಒಂದೇ, ದುಡ್ಡು ದಂಡ" ಅಂದರು ಅಷ್ಟೇ.

ಚಾಲಿಭಟ್ಟರೇ, ಮಾಣಿಯನ್ನು ಕಳಿಸಿ. ಗಂಡಿಗೆ ಕಡಿಮೆಯೇ, ಗಡ್ಡ ಸೆಟ್ ಮಾಡಿ ಬೆವರು ಒರೆಸಿದರೆ ಮುಗಿಯಿತು. ಬಿಳಿ ಮಾಡಿ ಅಂದರೆ ಮಾತ್ರ ಡಬಲ್ ರೇಟು.

ಎಳೆಎಳೆಯವರೇ, ನಿಮ್ಮ ಹತ್ತಿರ ಒಂದು ಕೇಳಬೇಕಿತ್ತು. ಅಂಕೋಲಾದ ಆ ಮದುವೆಗೇ ಮಂಟಪದ ಹಿಂದೆ ಫ್ಲೆಕ್ಸ್ ಬೇಡ, ಚಿತ್ತಾರ ಬರೆಸುವ ಅಂತ ಹುಡುಗಿ ಹಟ ಹಿಡಿದಿದ್ದಾಳೆ. ಹಾಲ್‌ನವರು ಗೋಡೆ ಮುಟ್ಟಲು ಬಿಡುವುದಿಲ್ಲ. ಬಟ್ಟೆ ಮೇಲೆ ಬರೆದುಕೊಡುವವರು ನಿಮ್ಮ ಊರಲ್ಲಿ ಇದ್ದಾರಾ?

ಎಳೆಎಳೆ, ಸಿದ್ದಾಪುರ

ಬಟ್ಟೆ ಮೇಲೆ ಬರೆಯುವವರು ಇದ್ದಾರೆ, ನಮ್ಮ ಅತ್ತಿಗೆಯೇ ಬರೆಯುತ್ತಾಳೆ. ದಪ್ಪ ಕೋರಾ ಬಟ್ಟೆ ಬೇಕು, ಅದಕ್ಕೆ ಮೊದಲು ಕೆಮ್ಮಣ್ಣಿನ ಸಾರಣೆ ಹಿಡಿಯಬೇಕು. ತೇವ ಇದ್ದರೆ ಎಳೆ ಹರಡುತ್ತದೆ, ಹಾಗಾಗಿ ಮಳೆ ಶುರುವಾಗುವ ಮೊದಲೇ ಹೇಳಿ. ಅಳತೆ ಕಳಿಸಿ. ಮತ್ತೆ, ಮದುಮಗಳ ಹೆಸರು ಇಂಗ್ಲಿಷಿನಲ್ಲಿ ಬರೆದು ಹಾರ್ಟ್ ಹಾಕಿ ಅಂತ ಮಾತ್ರ ಕೇಳಬಾರದು, ಅತ್ತಿಗೆ ಅಲ್ಲೇ ನಾರು ಬಿಸಾಡಿ ಎದ್ದು ಹೋಗುತ್ತಾಳೆ.

ಚಾಲಿಭಟ್ಟ, ಶಿರಸಿ

ನಮ್ಮ ಮಾಣಿ ಮದುವೆಗೂ ಒಂದು ಬುಕ್ ಮಾಡಿಟ್ಟುಕೊಳ್ಳಿ. ಹೆಣ್ಣು ಸಿಕ್ಕ ಕೂಡಲೇ ತಾರೀಖು ಹೇಳುತ್ತೇನೆ.